ಅಪ್ಪ ನಡುದಾರಿಯಲ್ಲಿ ಮೊಬೈಲ್ ತೆಗೆಯುತ್ತಿದ್ದುದು ಯಾಕೆ

ವಾಕಿಂಗ್ ಹೋದಾಗ ಅಪ್ಪ ಇದ್ದಕ್ಕಿದ್ದಂತೆ ನಿಂತು ಮೊಬೈಲ್ ತೆಗೆಯುತ್ತಿದ್ದರು. ಒಂದೆರಡು ನಿಮಿಷ ಬೆರಳಾಡಿಸಿ ಮತ್ತೆ ನಡೆಯುತ್ತಿದ್ದರು. ಏನೋ ಮೆಸೇಜ್ ಬಂದಿರಬೇಕು ಅಂತ ನಾನೂ ಸುಮ್ನಿದ್ದೆ. ಒಂದು ದಿನ ಹತ್ತಿರ ಹೋಗಿ ನೋಡಿದರೆ ಸ್ಕ್ರೀನ್ ಆನ್ ಕೂಡ ಆಗಿರಲಿಲ್ಲ.

"ಮೀನಖಂಡ ಹಿಡ್ಕೊಳ್ಳುತ್ತೆ ಕಣಮ್ಮಾ. ನಿಂತರೆ ಬಿಡುತ್ತೆ" ಅಂದರು.

ಕಾಲಿನ ರಕ್ತನಾಳ ಕಿರಿದಾಗುವ ಕಾಯಿಲೆಯ ಗುರುತೆಲ್ಲ ಆ ಮಾತಲ್ಲೇ ಇತ್ತು. ನಮಗೆ ಗೊತ್ತಾಗಲಿಲ್ಲ. ವಯಸ್ಸಾಯ್ತು, ಅದಕ್ಕೇ ಅಂದುಕೊಂಡೆವು. ಮೊದಲು ತೋರಿಸಿದ ಡಾಕ್ಟರು ಮಂಡಿ ಸವೆತ ಅಂತ ನೋವಿನ ಮಾತ್ರೆ ಕೊಟ್ಟರು. ಹಾಗೇ ಎಂಟು ತಿಂಗಳು ಹೋಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ರಕ್ತನಾಳದ ಡಾಕ್ಟರು ಸ್ಕ್ಯಾನ್ ಬರೆಯುವ ಮೊದಲು ಪಾದದ ಮೇಲೆ, ಒಳಬದಿಯ ಕಾಲ್ಗಿಣ್ಣಿನ ಹಿಂದೆ ಬೆರಳಿಟ್ಟು ನಾಡಿ ಹುಡುಕಿದರು. ಬಲಗಾಲಲ್ಲಿ ಸಿಗಲಿಲ್ಲ. ಆಮೇಲೆ ಬಿಪಿ ಪಟ್ಟಿಯನ್ನು ಗಿಣ್ಣಿನ ಮೇಲ್ಗಡೆ ಸುತ್ತಿ, ಜೆಲ್ ಹಚ್ಚಿ, ರಕ್ತ ಹರಿಯುವ ಸದ್ದು ಕೇಳಿಸುವ ಪೆನ್ನಿನಂಥ ಡಾಪ್ಲರ್ ಇಟ್ಟರು. ಎಡಗಾಲಲ್ಲಿ ಚುರುಕಾದ ಧುಪ್ ಧುಪ್ ಸದ್ದು. ಬಲಗಾಲಲ್ಲಿ ಎಲ್ಲೋ ದೂರದಲ್ಲಿ ಗಾಳಿ ಬೀಸಿದ ಹಾಗೆ, ಎಳೆದೆಳೆದು. ಆ ಸದ್ದು ಕೇಳಿದ್ದೇ ನನಗೆ ಎದೆ ಧಸಕ್ ಅಂತು. ಬಿಪಿ ತೋಳಲ್ಲಿ 140, ಬಲಗಾಲಲ್ಲಿ 84. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ 0.6. ಇದು 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಅಂತ ಅರ್ಥ. ಸೂಜಿ ಕೂಡ ಚುಚ್ಚಲಿಲ್ಲ. ಆದರೆ ಶುಗರ್ ಹಳೆಯದಾದವರಲ್ಲಿ ನಾಳ ಗಟ್ಟಿಯಾಗಿ ಈ ಲೆಕ್ಕ ತಪ್ಪಬಹುದಂತೆ, ಅವರಿಗೆ ಕಾಲ್ಬೆರಳಿನ ಒತ್ತಡ ನೋಡುತ್ತಾರೆ.

ಸ್ಟೆಂಟ್ ಯಾವಾಗ ಅಂತ ಕೇಳಿದೆ. "ಸದ್ಯಕ್ಕೆ ಬೇಡ. ನಡೆಸಿ" ಅಂದರು. ನೋವು ಬರುವ ಕಾಲನ್ನೇ ನಡೆಸೋದಾ? ಹೌದು. ನೋವು ಚೆನ್ನಾಗಿ ಏರುವವರೆಗೆ ನಡೆಯಬೇಕು, ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ಒಟ್ಟು 30ರಿಂದ 45 ನಿಮಿಷ, ವಾರಕ್ಕೆ 3 ದಿನವಾದರೂ, 12 ವಾರ. ಸಿಕ್ಕಷ್ಟು ರಕ್ತದಲ್ಲೇ ಜಾಸ್ತಿ ಕೆಲಸ ಮಾಡುವುದನ್ನು ಸ್ನಾಯು ಕಲಿಯುತ್ತದೆ. ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್. ಕಾಲಿನ ನಾಳ ಕಟ್ಟಿದವರಿಗೆ ಹೃದಯಾಘಾತ, ಸ್ಟ್ರೋಕ್ ಭಯವೂ ಜಾಸ್ತಿ, ಅದಕ್ಕೇ ಈ ಮಾತ್ರೆಗಳು.

ಎಲ್ಲಕ್ಕಿಂತ ಕಷ್ಟವಾಗಿದ್ದು ಸಿಗರೇಟು. ನಲವತ್ತು ವರ್ಷದ ಚಟ ಅದು. ಅಪ್ಪ ಎರಡು ಸಲ ಬಿಟ್ಟು ಮತ್ತೆ ಹಿಡಿದರು, ಮೂರನೇ ಸಲ ಬಿಟ್ಟರು. ಆ ಮೂರನೇ ಸಲಕ್ಕೆ ನಾನು ಅವರಿಗೆ ಕೈ ಮುಗಿಯುತ್ತೇನೆ.

ಮಲಗಿದಾಗಲೂ ಪಾದ ನೋಯತೊಡಗಿದರೆ, ಗಾಯ ಮಾಯದಿದ್ದರೆ ತಡಮಾಡದೆ ಬನ್ನಿ ಅಂದಿದ್ದಾರೆ. ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಚಿ, ಜೋಮು ಹಿಡಿದರೆ ಆ ಕ್ಷಣವೇ ಹೊರಡಬೇಕು. ಅಲ್ಲಿ ಕಾಲು ಉಳಿಯೋದು ಗಂಟೆಗಳ ಲೆಕ್ಕದಲ್ಲಿ.

ಭಾನುವಾರ ಅಪ್ಪನ ಪಾದಗಳನ್ನು ತೊಡೆ ಮೇಲಿಟ್ಟುಕೊಂಡು ಬೆರಳ ಸಂದುಗಳನ್ನು ನೋಡುತ್ತೇನೆ. ಬಲಗಾಲಿನ ನಾಡಿ ಈಗಲೂ ಕೈಗೆ ಸಿಗುವುದಿಲ್ಲ. ಆದರೆ ವಾಕಿಂಗ್ ಹೊರಟಾಗ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ.