ಬಿಎಸ್ಸಿ ಓದುತ್ತಲೇ ಸಂಶೋಧನೆ ಮಾಡಬಹುದಾ, ಮೇಡಂ?

ಪ್ರತಿ ವರ್ಷ ಪಾಠ ಶುರುವಾದ ತಿಂಗಳೊಳಗೆ ಯಾರಾದರೊಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಇದನ್ನು ಕೇಳುತ್ತಾರೆ. ಕೇಳಬಾರದ್ದನ್ನು ಕೇಳುತ್ತಿದ್ದೇನೋ ಅನ್ನುವ ಹಾಗೆ ದನಿ ತಗ್ಗಿರುತ್ತದೆ. ನಾನು ತುಮಕೂರು ಜಿಲ್ಲೆಯ ಡಿಗ್ರಿ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಡುವವಳು, ಜೊತೆಗೆ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಜವಾಬ್ದಾರಿಯೂ ನನ್ನ ತಲೆಗೇ ಬಂದಿದೆ. ಹಾಗಾಗಿ ಅಪ್ಪ ಅಮ್ಮಂದಿರ ಪ್ರಶ್ನೆಯೂ ನನ್ನ ಬಳಿಗೇ ಬರುತ್ತದೆ: "ಕ್ಯಾಂಪಿಗೆ ಕಳಿಸಿದ್ರೆ ಏನು ಬರುತ್ತೆ ಮೇಡಂ, ಮಾರ್ಕ್ಸಾ?" ಎರಡಕ್ಕೂ ನಾನು ಹೇಳುವುದು ಬೇಳೆಯ ಕಥೆಯನ್ನೇ.

ಎನ್‌ಎಸ್‌ಎಸ್ ಶುರುವಾದದ್ದು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ. ಸ್ವಯಂಸೇವಕರಾದವರು ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಶಿಬಿರ. ಶಿಬಿರ ಅಂದರೆ ಏನು ಅಂತ ಹೋದವರಿಗೆಲ್ಲ ಗೊತ್ತು: ಬೆಳಿಗ್ಗೆ ಚರಂಡಿ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಬೀದಿ ನಾಟಕ, ಮಧ್ಯೆ ಮಧ್ಯೆ ಫೋಟೊ. ಏಳನೇ ದಿನ ನಾವು ಬಸ್ ಹತ್ತಿದ ಮೇಲೆ ಚರಂಡಿ ಮತ್ತೆ ಕಟ್ಟಿಕೊಳ್ಳುತ್ತದೆ. ಇದನ್ನು ಕೆಲವು ವರ್ಷ ನಾನೂ ಮಾಡಿಸಿದ್ದೇನೆ.

ಒಂದು ಶಿಬಿರದಲ್ಲಿ ಅಡುಗೆ ಪಾಳಿಯಲ್ಲಿದ್ದ ಎರಡನೇ ವರ್ಷದ ಹುಡುಗಿ ತೊಗರಿಬೇಳೆಗೆ ಬೋರ್‌ವೆಲ್ ನೀರು ಹಾಕಿ ಒಲೆ ಮೇಲಿಟ್ಟಳು. ಒಂದೂವರೆ ಗಂಟೆ ಕುದಿಸಿದರೂ ಕಾಳು ಕಾಳಾಗಿಯೇ ಉಳಿಯಿತು. ಪಕ್ಕದ ಮನೆಯ ಅಜ್ಜಿ ನೋಡಿ ನಕ್ಕರು. "ಈ ನೀರಲ್ಲಿ ಬ್ಯಾಳೆ ಬೇಯಾಕಿಲ್ಲ ಕಣವ್ವ, ಕಟ್ಟೆ ನೀರು ತಗಂಬಾ." ಊರಿಗೆಲ್ಲ ಗೊತ್ತಿದ್ದ ವಿಷಯ. ನನ್ನ ಹುಡುಗಿಗೂ ಅರ್ಧ ಗೊತ್ತಿತ್ತು, ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಗಡಸು ನೀರು ಅಂತ ಪಾಠದಲ್ಲಿ ಬಂದಿತ್ತಲ್ಲ. ಆದರೆ ಅವಳು ಕೇಳಿದ್ದು ಬೇರೆ: "ಎಷ್ಟು ಗಡಸು ಮೇಡಂ?"

ನೀರಿನ ಗಡಸು ಅಳೆಯಲು ಲ್ಯಾಬಿನಲ್ಲಿ ಪ್ರತಿ ವರ್ಷ ಇಡಿಟಿಎ ಟೈಟ್ರೇಶನ್ ಮಾಡುತ್ತೇವೆ; ಇಡಿಟಿಎ ಅಂದರೆ ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕ. ನೀರಿಗೆ ಅಮೋನಿಯಾ ಬಫರ್ ಹಾಕಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನುವ ಸೂಚಕ ಎರಡು ಹನಿ ಬಿಟ್ಟರೆ ಕೆಂಪು ದ್ರಾಕ್ಷಿ ರಸದ ಬಣ್ಣ. ಬ್ಯೂರೆಟ್‌ನಿಂದ ಇಡಿಟಿಎ ಬಿಡುತ್ತಾ ಹೋದರೆ ಒಂದು ಹನಿಗೆ ತಟ್ಟನೆ ನೀಲಿ. ಆದರೆ ಅದು ನಾವೇ ಬೆರೆಸಿಟ್ಟ ನೀರು, ಉತ್ತರ ಅಟೆಂಡರ್‌ಗೂ ಗೊತ್ತು. ಆ ಸಲ ಮಕ್ಕಳು ಹನ್ನೊಂದು ಬೋರ್‌ವೆಲ್‌ಗಳ ನೀರನ್ನು ಬಾಟಲಿಗಳಲ್ಲಿ ತುಂಬಿ, ಚೀಟಿ ಅಂಟಿಸಿ ಲ್ಯಾಬಿಗೆ ತಂದರು. ಬೇಳೆ ಬೇಯದ ಬೋರ್‌ವೆಲ್‌ನ 50 ಮಿಲಿ ನೀರಿಗೆ 0.01 ಮೋಲಾರ್ ಇಡಿಟಿಎ 33 ಮಿಲಿ ಇಳಿಯಿತು. ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 660 ಮಿಲಿಗ್ರಾಂ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಇರಬೇಕಾದ್ದು 200ರೊಳಗೆ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಇದು ಅದನ್ನೂ ದಾಟಿತ್ತು. ಬೇಳೆಯ ಕೋಶಗಳನ್ನು ಅಂಟಿಸಿಟ್ಟುಕೊಂಡಿರುವ ಪೆಕ್ಟಿನ್ ಅನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿ ಮಾಡುತ್ತದೆ, ಅದಕ್ಕೇ ಕುದಿಸಿದರೂ ಬೇಳೆ ಒಡೆಯುವುದಿಲ್ಲ. ಅಜ್ಜಿಯ ಮಾತಿಗೆ ಒಂದು ಸಂಖ್ಯೆ ಸಿಕ್ಕಿತು.

ಇದು ಸಂಶೋಧನೆಯಾ? ಯಾರೂ ಕಾಣದ ಹೊಸ ಸತ್ಯವೇನೂ ಅಲ್ಲ. ಆದರೆ ಆ ಹನ್ನೊಂದು ಬೋರ್‌ವೆಲ್‌ಗಳ ಪಟ್ಟಿ ಅದಕ್ಕೆ ಮುಂಚೆ ಆ ಊರಲ್ಲಿ ಇರಲಿಲ್ಲ.

ಆಮೇಲಿನ ದಾರಿಗಳು ನೀವು ಅಂದುಕೊಂಡದ್ದಕ್ಕಿಂತ ಹತ್ತಿರವಿವೆ. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗ್‌ರಾಜ್‌ನ ಅಕಾಡೆಮಿಗಳ ಜೊತೆ ಸೇರಿ, ಬೇಸಿಗೆಯಲ್ಲಿ ಎರಡು ತಿಂಗಳು ವಿಜ್ಞಾನಿಗಳ ಜೊತೆ ಕೆಲಸ ಮಾಡಲು ಫೆಲೋಶಿಪ್ ಕೊಡುತ್ತದೆ. ಬೆಂಗಳೂರಿನದೇ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಅಂಥದ್ದೇ ಒಂದಿದೆ. ಬೇಸಿಗೆಗೆ ಅಂತ ಮಾರ್ಚ್‌ನಲ್ಲಿ ಎದ್ದು ಕೂತರೆ ಆಗುವುದಿಲ್ಲ, ಅರ್ಜಿ ಚಳಿಗಾಲದಲ್ಲೇ ಹಾಕಬೇಕು. ಅದರಲ್ಲಿ ನೀವೇ ಬರೆದ ಒಂದು ಚಿಕ್ಕ ಬರಹ ಇರಬೇಕು. ನಮ್ಮ ಮಕ್ಕಳು ಮುಗ್ಗರಿಸುವುದು ಅಲ್ಲೇ. 92 ಪರ್ಸೆಂಟ್ ಇದ್ದವನೊಬ್ಬ "ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಅಂತ ಶುರುಮಾಡಿ ಅದನ್ನೇ ನಾಲ್ಕು ಸಲ ಹೇಳಿದ್ದ. ನಮ್ಮ ಹುಡುಗಿ ಬರೆದದ್ದು ಬೇಳೆಯ ಬಗ್ಗೆ. ಇಂಗ್ಲಿಷಿನಲ್ಲಿ ಮೂರು ತಪ್ಪಿತ್ತು, ನಾನು ಎರಡು ತಿದ್ದಿದೆ.

ಅವಳಿಗೆ ಸಿಕ್ಕಿತು. ಬೆಂಗಳೂರಿಗೆ ಹೋಗಿ ಎರಡು ವಾರವಾಗುವಷ್ಟರಲ್ಲಿ ನಮ್ಮ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಬಂತು, ಸರಿಯಾಗಿ ಅದೇ ತಿಂಗಳಿಗೆ. ಬೆಳಗಿನ ರೈಲಿಗೆ ಬಂದು ಪರೀಕ್ಷೆ ಬರೆದು ಸಂಜೆ ಲ್ಯಾಬಿಗೆ ವಾಪಸು ಓಡಿದಳು. ನಮ್ಮ ವೇಳಾಪಟ್ಟಿ ಹಾಕುವವರಿಗೆ ಬೇಸಿಗೆಯಲ್ಲಿ ಮಕ್ಕಳು ಎಲ್ಲಿಗಾದರೂ ಹೋಗಬಹುದು ಅನ್ನುವುದು ಇನ್ನೂ ಹೊಳೆದಿಲ್ಲ.

ಬಾಟನಿಯವರು ಇಷ್ಟು ಕೂಡ ಕಾಯಬೇಕಿಲ್ಲ. ಮರಗಳ ಋತುಮಾನದ ಬದಲಾವಣೆಯನ್ನು ಜನರಿಂದಲೇ ದಾಖಲಿಸುವ ಸೀಸನ್‌ವಾಚ್ ಯೋಜನೆಗೆ ಹೆಸರು ಕೊಟ್ಟು ಕಾಲೇಜಿನ ಒಂದು ಹಲಸಿನ ಮರವನ್ನೋ ಕಕ್ಕೆ ಮರವನ್ನೋ ವಾರಕ್ಕೊಮ್ಮೆ ನೋಡಿ, ಚಿಗುರು ಹೂವು ಕಾಯಿ ಬರೆದು ಕಳಿಸುತ್ತಾ ಹೋಗಬಹುದು. ಖರ್ಚಿಲ್ಲ. ಆದರೆ ಹಟ ಬೇಕು, ನಾಲ್ಕನೇ ವಾರಕ್ಕೆ ಅರ್ಧ ಜನ ಬಿಡುತ್ತಾರೆ.

ಒಂದು ಮಾತ್ರ ಬೇಡ ಅಂತ ಕೈಮುಗಿದು ಹೇಳುತ್ತೇನೆ. ಎರಡು ಮೂರು ಸಾವಿರ ಕಟ್ಟಿದರೆ "ರಿಸರ್ಚ್ ಇಂಟರ್ನ್‌ಶಿಪ್" ಸರ್ಟಿಫಿಕೇಟ್, ಇನ್ನಷ್ಟು ಕಟ್ಟಿದರೆ ಪೇಪರಿನಲ್ಲಿ ನಿಮ್ಮ ಹೆಸರು ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದು. ನೀರು ಎಲ್ಲಿಂದ ತಂದಿರಿ ಅಂತ ಸಂದರ್ಶನದಲ್ಲಿ ಕೇಳಿದರೆ ಸರ್ಟಿಫಿಕೇಟ್ ಬಾಯಿ ಬಿಡುವುದಿಲ್ಲ.

ಹೋದ ಶಿಬಿರಕ್ಕೆ ಅದೇ ಊರಿಗೆ ಮತ್ತೆ ಹೋಗಿದ್ದೆವು. ಈಗ ಅಲ್ಲಿ ಶುದ್ಧ ನೀರಿನ ಘಟಕ ಬಂದಿದೆ, ಐದು ರೂಪಾಯಿ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ, ಅಜ್ಜಿಯ ಬೇಳೆಯೂ ಬೇಯುತ್ತದೆ. ಎಲ್ಲರೂ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಮೊದಲ ವರ್ಷದ ಹುಡುಗನೊಬ್ಬ ಘಟಕದ ಹಿಂದೆ ಹೋಗಿ, ಪೈಪಿನಿಂದ ಮೋರಿಗೆ ಸುರಿಯುತ್ತಿದ್ದ ನೀರನ್ನು ನೋಡುತ್ತಾ ನಿಂತಿದ್ದ. "ಮೇಡಂ, ತೆಗೆದ ಗಡಸೆಲ್ಲ ಇದರಲ್ಲೇ ಇರಬೇಕಲ್ವಾ? ಇದು ಎಲ್ಲಿಗೆ ಹೋಗುತ್ತೆ?" ಮೋರಿ ಹರಿಯುವುದು ಕಟ್ಟೆಯ ಕಡೆಗೆ. ಬಾಟಲಿ ತಂದಿದ್ದೀಯಾ ಅಂತ ಕೇಳಿದೆ.