ಮೇಜಿನ ಮೇಲೆ ಬಿಬಿ84: ಈ ಸಲ ಈವ್ ಬಂದಳು

ಬಿಬಿ84 ಅಂದರೆ ಬೆಳಕಿನ ಪೋಲರೈಸೇಶನ್ (ಬೆಳಕಿನ ಅಲೆ ಆಡುವ ದಿಕ್ಕು) ಬಳಸಿ ಇಬ್ಬರು ಒಂದು ಗುಟ್ಟಿನ ಕೀ ಹಂಚಿಕೊಳ್ಳುವ ವಿಧಾನ. ಅದನ್ನು ನನ್ನ ಮೇಜಿನ ಮೇಲೆ ಲೇಸರ್ ಇಟ್ಟು ಮಾಡಿ ನೋಡುತ್ತಿದ್ದೇನೆ. ಕಳಿಸುವವಳು ಆಲಿಸ್, ಪಡೆಯುವವನು ಬಾಬ್; ಎರಡೂ ಕಡೆಯ ಸೆಟಪ್ ಈಗ ಸರಿಯಾಗಿ ಓಡುತ್ತಿದೆ. ಆಲಿಸ್ ಹತ್ತಿರ 650 ನ್ಯಾನೊಮೀಟರ್ ಕೆಂಪು ಲೇಸರ್, ಅದರ ಮುಂದೆ ಸರ್ವೋ ಮೋಟರ್ ತಿರುಗಿಸುವ ಹಾಫ್‌ವೇವ್ ಪ್ಲೇಟ್. ಪ್ಲೇಟ್ 22.5 ಡಿಗ್ರಿ ತಿರುಗಿದರೆ ಬೆಳಕಿನ ಪೋಲರೈಸೇಶನ್ 45 ಡಿಗ್ರಿ ತಿರುಗುತ್ತದೆ. ಬಾಬ್ ಹತ್ತಿರ ಅಂಥದ್ದೇ ಪ್ಲೇಟ್, ಪೋಲರೈಸೇಶನ್ ನೋಡಿ ಬೆಳಕನ್ನು ಎರಡು ದಾರಿಗೆ ಕಳಿಸುವ ಬೀಮ್ ಸ್ಪ್ಲಿಟರ್ ಕ್ಯೂಬ್, ಬೆಳಕನ್ನು ಗುರುತಿಸುವ ಎರಡು ಫೋಟೊಡಯೋಡ್. ಒಂದರ ಮೇಲೆ ಬೆಳಕು ಬಿದ್ದರೆ 0, ಇನ್ನೊಂದರ ಮೇಲೆ ಬಿದ್ದರೆ 1. ಇಬ್ಬರ ಬೇಸಿಸ್ (ಆರಿಸಿಕೊಂಡ ಕೋನಗಳ ಜೋಡಿ: ನೇರ-ಅಡ್ಡ ಅಥವಾ ಓರೆ) ಬೇರೆಯಾದರೆ ಎರಡರ ಮೇಲೂ ಅರ್ಧರ್ಧ. ಅಂಥ ಬಿಟ್‌ಗಳನ್ನು ಬಿಟ್ಟು ಉಳಿದದ್ದೇ ಕೀ.

ಬೆನೆಟ್ ಮತ್ತು ಬ್ರಸಾರ್ ಅವರ ಈ ವಿಧಾನ 1984ರ ಡಿಸೆಂಬರಿನಲ್ಲಿ ಹೊರಬಂದದ್ದು ಬೆಂಗಳೂರಿನ ಒಂದು ಸಮ್ಮೇಳನದಲ್ಲಿ. ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು ಅಂತ ನನಗೆ ತುಂಬಾ ಆಸೆ.

ಈಗ ಕದ್ದು ಕೇಳುವ ಈವ್. ದಾರಿಯ ಮಧ್ಯೆ ಮೈಕ್ರೋಸ್ಕೋಪಿನ ಗಾಜಿನ ಸ್ಲೈಡ್ ಒಂದನ್ನು ಸ್ವಲ್ಪವೇ ಓರೆಯಾಗಿ ನಿಲ್ಲಿಸಿದೆ. ಜಾಸ್ತಿ ಓರೆ ಮಾಡಿದರೆ ಒಂದು ಪೋಲರೈಸೇಶನ್ ಹೆಚ್ಚು, ಇನ್ನೊಂದು ಕಡಿಮೆ ಪ್ರತಿಫಲಿಸುತ್ತದೆ. ಹೀಗಿಟ್ಟರೆ ನೂರಕ್ಕೆ ಸುಮಾರು ಎಂಟು ಪಾಲು ಬೆಳಕು ಪಕ್ಕಕ್ಕೆ ಹೋಗುತ್ತದೆ. ಬಿಳಿ ಕಾಗದದ ಮೇಲೆ ಮಸುಕಾದ ಕೆಂಪು ಚುಕ್ಕೆ ಬಿತ್ತು. ಆಲಿಸ್‌ಳನ್ನು ಒಂದೇ ಕೋನದಲ್ಲಿ ನಿಲ್ಲಿಸಿ, ಚುಕ್ಕೆಯ ದಾರಿಯಲ್ಲಿ ಪೋಲರಾಯ್ಡ್ ಹಾಳೆ ತಿರುಗಿಸಿದೆ. ಒಂದು ಕಡೆ ಬಂದಾಗ ಚುಕ್ಕೆ ಪೂರ್ತಿ ಆರಿಹೋಯಿತು. ಅಲ್ಲಿಗೆ ಆಲಿಸ್ ಇಟ್ಟ ಕೋನ ಈವ್‌ಗೆ ಸಿಕ್ಕಿತು. ಬಾಬ್‌ಗೆ ಬೆಳಕು ತುಸು ಕಡಿಮೆ ಬಂತು ಅಷ್ಟೇ, ತಪ್ಪು ಬಿಟ್ ಒಂದೂ ಹೆಚ್ಚಲಿಲ್ಲ!

ಅಂದರೆ ವಿಧಾನ ಸರಿ ಇದ್ದರೂ ಬೆಳಕು ಜಾಸ್ತಿ ಇದ್ದರೆ ಗುಟ್ಟು ಉಳಿಯಲ್ಲ. ಪ್ರತಿ ಪಲ್ಸ್‌ನಲ್ಲಿ (ಬೆಳಕಿನ ಒಂದು ಮಿನುಗಿನಲ್ಲಿ) ಒಂದೇ ಫೋಟಾನ್, ಅಂದರೆ ಬೆಳಕಿನ ಒಂದೇ ಕಣ, ಇದ್ದರೆ ಅದನ್ನು ಪಾಲು ಮಾಡುವ ಹಾಗಿಲ್ಲ. ಈವ್ ಬೇಸಿಸ್ ಊಹಿಸಿ, ಹಿಡಿದು ಅಳೆದು ಮತ್ತೆ ಕಳಿಸಬೇಕು. ಎಲ್ಲಾ ಪಲ್ಸ್‌ಗೂ ಹಾಗೆ ಮಾಡಿದರೆ ಕೀಯಲ್ಲಿ ನೂರಕ್ಕೆ 25 ಬಿಟ್ ತಪ್ಪಾಗುತ್ತವೆ, ಸಿಕ್ಕಿಬೀಳುತ್ತಾಳೆ.

ಹಾಗಾಗಿ ಮುಂದಿನ ಕೆಲಸ ಬೆಳಕನ್ನು ಇಳಿಸುವುದು. 1 ಮಿಲಿವ್ಯಾಟ್ ಲೇಸರಿನ 10 ನ್ಯಾನೊಸೆಕೆಂಡ್ ಪಲ್ಸ್‌ನಲ್ಲೇ 3 ಕೋಟಿಗೂ ಹೆಚ್ಚು ಫೋಟಾನ್ ಇರುತ್ತವೆ. ಅದು ಸರಾಸರಿ 0.1ಕ್ಕೆ ಬರಬೇಕು. ಆಗ ಸಾವಿರ ಪಲ್ಸ್‌ನಲ್ಲಿ ಸುಮಾರು 905 ಖಾಲಿ, 90ರಲ್ಲಿ ಒಂದೇ ಫೋಟಾನ್, ಐದರಲ್ಲಿ ಎರಡು ಅಥವಾ ಹೆಚ್ಚು. ಬೆನೆಟ್, ಬ್ರಸಾರ್ ತಂಡ 1989ರಲ್ಲಿ ಮಾಡಿದ ಮೊದಲ ಪ್ರಯೋಗದಲ್ಲೂ ಇಂಥ ಮಂದ ಬೆಳಕೇ, ಅದೂ ಸುಮಾರು 30 ಸೆಂಟಿಮೀಟರ್ ದೂರಕ್ಕೆ. ನನ್ನ ಮೇಜು ಅದಕ್ಕಿಂತ ಉದ್ದ ಇದೆ.

ಬೆಳಕನ್ನು ಮಂದ ಮಾಡುವ ಎನ್‌ಡಿ ಫಿಲ್ಟರ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತೇನೆ. ಫೋಟೊಡಯೋಡ್ ಬದಲು ಒಂದೊಂದು ಫೋಟಾನನ್ನೂ ಗುರುತಿಸಬಲ್ಲ ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ ಬರಬೇಕು. ಅದು ಕತ್ತಲಲ್ಲೂ ಸುಮ್ನೆ ಎಣಿಸುತ್ತಿರುತ್ತದೆ, ಅದಕ್ಕೆ ಪೆಲ್ಟಿಯರ್ (ಕರೆಂಟಿನಿಂದ ತಣ್ಣಗೆ ಮಾಡುವ ಬಿಲ್ಲೆ) ಇಟ್ಟು ತಣ್ಣಗೆ ಮಾಡಬೇಕು. ಮೊದಲು ಬೆಳಕು ನುಸುಳದ ಕಪ್ಪು ಡಬ್ಬಿ ಕಟ್ಟುತ್ತೇನೆ.