ಹತ್ತು ಸಾವಿರ ಅಡಿ, ಜಾಸ್ತಿಯೂ ಬೇಡ ಕಡಿಮೆಯೂ ಬೇಡ

2024ರ ಜೂನ್‌ನಲ್ಲಿ ನಾನು ನ್ಯೂ ಮೆಕ್ಸಿಕೋಗೆ ಹೋಗಿದ್ದು ಅಕ್ಕನ ಮಗನ ಒತ್ತಾಯಕ್ಕೆ. ಅವನ ವಿಶ್ವವಿದ್ಯಾಲಯದ ತಂಡ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಎಂಬ ವಿದ್ಯಾರ್ಥಿಗಳ ರಾಕೆಟ್ ಸ್ಪರ್ಧೆಗೆ ರಾಕೆಟ್ ಕಟ್ಟಿತ್ತು. ಎಲ್ ಪಾಸೋದಲ್ಲಿ ವಿಮಾನ ಇಳಿದು, ಬಾಡಿಗೆ ಕಾರು ಹಿಡಿದು ಲಾಸ್ ಕ್ರೂಸಸ್ ಸೇರಿದೆ. ಊರಿನ ಪೂರ್ವಕ್ಕೆ ಆರ್ಗನ್ ಬೆಟ್ಟಗಳು, ಗರಗಸದ ಹಲ್ಲಿನ ಹಾಗೆ.

ಮೊದಲು ಊರೊಳಗಿನ ಕನ್ವೆನ್ಷನ್ ಸೆಂಟರ್‌ನಲ್ಲಿ ಪ್ರದರ್ಶನ. ಮೇಜುಗಳ ಮೇಲೆ ರಾಕೆಟ್‌ಗಳು ಮಲಗಿದ್ದವು. ಕೆಲವಂತೂ ಆಳೆತ್ತರಕ್ಕಿಂತ ಎಷ್ಟೋ ಉದ್ದ. ಯಾರದು ಎಲ್ಲಕ್ಕಿಂತ ಮೇಲೆ ಹೋಗುತ್ತೆ ಅಂತ ಕೇಳಿದೆ. ಹುಡುಗ ನಕ್ಕ. "ಹಾಗಲ್ಲ ಚಿಕ್ಕಮ್ಮ, ನಮ್ಮದು ಹತ್ತು ಸಾವಿರ ಅಡಿ. ಜಾಸ್ತಿ ಹೋದರೂ ಮಾರ್ಕ್ಸ್ ಕಟ್."

ಆ ವರ್ಷ ಇಲ್ಲಿ ಎರಡು ಗುರಿ ಇದ್ದವು: 10,000 ಅಡಿ ಇಲ್ಲವೇ 30,000 ಅಡಿ. ಅಂಗಡಿಯ ಮೋಟಾರ್ (ರಾಕೆಟ್‌ನ ಎಂಜಿನ್) ಹಾಕುವವರ ವಿಭಾಗ ಬೇರೆ, ಮೋಟಾರನ್ನೂ ತಾವೇ ಮಾಡುವವರದು ಬೇರೆ. ಒಳಗೆ ಕನಿಷ್ಠ 4 ಕಿಲೋ ತೂಕದ ಪೇಲೋಡ್, ಅಂದರೆ ರಾಕೆಟ್ ಹೊತ್ತೊಯ್ಯುವ ಸರಕು, ಇರಬೇಕಿತ್ತು. ಬರೀ ಎತ್ತರಕ್ಕೇ ಹೋಗುವ ವಿದ್ಯಾರ್ಥಿಗಳೂ ಇದ್ದಾರೆ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ 'ಟ್ರಾವೆಲರ್ 4' 2019ರಲ್ಲಿ ಇದೇ ಸ್ಪೇಸ್‌ಪೋರ್ಟ್ ಅಮೆರಿಕ ಉಡಾವಣಾ ಕೇಂದ್ರದಿಂದ 100 ಕಿ.ಮೀ. ದಾಟಿತ್ತು. ಅದು ಸ್ಪರ್ಧೆಯಲ್ಲ, ಅವರದೇ ಹಟ. ನನಗೆ ಮಾತ್ರ ಹೇಳಿದಷ್ಟೇ ಹಾರುವುದು ಇನ್ನೂ ಕಷ್ಟದ ಕೆಲಸ ಅನ್ನಿಸಿತು. ರಾಕೆಟ್ ಅಂದುಕೊಂಡದ್ದಕ್ಕಿಂತ ಸ್ವಲ್ಪ ಭಾರವಾದರೂ, ಗಾಳಿಗೆ ಕೊಂಚ ವಾಲಿದರೂ ಲೆಕ್ಕ ತಪ್ಪುತ್ತದೆ.

ಉಡಾವಣೆಯ ದಿನ ಕತ್ತಲಲ್ಲೇ ಹೊರಟೆವು. ದಾರಿ ಹೋರ್ನಾದಾ ದೆಲ್ ಮುಯೆರ್ತೋ ಮರುಭೂಮಿಗೆ. ಸ್ಪ್ಯಾನಿಷ್ ಆಳ್ವಿಕೆಯ ಕಾಲದಲ್ಲಿ ವರ್ತಕರ ಗಾಡಿಗಳು ಸುಮಾರು 145 ಕಿ.ಮೀ. ನೀರಿಲ್ಲದೆ ದಾಟುತ್ತಿದ್ದ ಬಯಲು ಇದು. ಪಕ್ಕದಲ್ಲೇ ವೈಟ್ ಸ್ಯಾಂಡ್ಸ್ ಕ್ಷಿಪಣಿ ವಲಯ. 1945ರ ಜುಲೈ 16ರಂದು ಮೊದಲ ಅಣುಬಾಂಬ್ ಸಿಡಿದದ್ದು ಇದೇ ಬಯಲಿನ ಉತ್ತರದ ಕಡೆ. ಜನವಸತಿ ಕಡಿಮೆ ಅಂತಲೇ ಎಲ್ಲರೂ ಇಲ್ಲಿಗೆ ಬರುತ್ತಾರೆ ಅಲ್ವಾ!

ಬೆಳಗಿನ ತಂಪು ಬೇಗ ಕರಗಿತು. ನೆರಳು ಅಂದರೆ ತಂಡದವರು ಹಾಕಿಕೊಂಡ ಟೆಂಟ್ ಮಾತ್ರ. ಹುಡುಗರು ಪಟ್ಟಿ ನೋಡಿಕೊಂಡು ಒಂದೊಂದೇ ಸ್ಕ್ರೂ ಮುಟ್ಟಿ ನೋಡುತ್ತಿದ್ದರು. ಸುರಕ್ಷತಾ ಅಧಿಕಾರಿ ಒಪ್ಪದೆ ಯಾವುದೂ ಪ್ಯಾಡ್‌ಗೆ ಹೋಗುವಂತಿಲ್ಲ. ಗಾಳಿ ಎದ್ದರೆ ಕಾಯಬೇಕು. ಸುಮ್ನೆ ಕೂತು ನೀರು ಕುಡಿಯುವುದೇ ಹೆಚ್ಚು.

ಯಾರದೋ ರಾಕೆಟ್ ಚೆನ್ನಾಗಿ ಏರಿತು, ಆದರೆ ಪ್ಯಾರಾಚೂಟ್ ಬಿಚ್ಚಲೇ ಇಲ್ಲ. ಧ್ವನಿವರ್ಧಕದಲ್ಲಿ "ಹೆಡ್ಸ್ ಅಪ್!" ಎಂದು ಕೂಗಿದರು. ಎಲ್ಲರೂ ಎದ್ದು ನಿಂತು ಆಕಾಶ ನೋಡಿದೆವು. ದೂರದಲ್ಲಿ ಧೂಳೆದ್ದಿತು. ಆ ತಂಡದ ಒಬ್ಬಳು ಹುಡುಗಿ ಟೋಪಿ ತೆಗೆದು ನೆಲಕ್ಕೆ ಬಡಿದಳು. ವರ್ಷವಿಡೀ ಮಾಡಿದ ಕೆಲಸ.

ನಮ್ಮವರ ಸರದಿ ಮಧ್ಯಾಹ್ನದ ಹೊತ್ತಿಗೆ ಬಂತು. ಎಣಿಕೆ ಮುಗಿಯಿತು, ಹೊಗೆ ಕಂಡಿತು. ಸದ್ದು ಆಮೇಲೆ ಬಂತು, ಎದೆಗೇ ಬಡಿಯಿತು. ಕೆಲವೇ ಸೆಕೆಂಡಿನಲ್ಲಿ ರಾಕೆಟ್ ಕಣ್ಣಿಗೇ ಇಲ್ಲ. ಏರಿಕೆಯ ತುತ್ತತುದಿ ಮುಟ್ಟಿದಾಗ ಚಿಕ್ಕ ಪ್ಯಾರಾಚೂಟ್ ಬಿಚ್ಚಬೇಕು. ದೊಡ್ಡದು ನೆಲ ಹತ್ತಿರವಾದ ಮೇಲೆ, ಇಲ್ಲದಿದ್ದರೆ ಗಾಳಿಗೆ ಎಲ್ಲಿಗೋ ತೇಲಿ ಹೋಗುತ್ತದೆ. ಎರಡೂ ಬಿಚ್ಚಿದವು. ಹುಡುಗರು ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡರು.

ತರಲು ಹೋದವರು ಜಿಪಿಎಸ್ ಹಿಡಿದು ಮುಳ್ಳುಪೊದೆಗಳ ನಡುವೆ ನಡೆದರು. ರಾಟಲ್ ಹಾವುಗಳ ಜಾಗ ಅದು. ನನ್ನನ್ನು ಬಿಡಲಿಲ್ಲ, ಬಿಟ್ಟಿದ್ದರೂ ಹೋಗುತ್ತಿರಲಿಲ್ಲ ಬಿಡಿ. ತಂದ ಆಲ್ಟಿಮೀಟರ್ ಬೀಪ್ ಬೀಪ್ ಎಂದು ಎತ್ತರ ಹೇಳಿತು: ಒಂಬತ್ತೂವರೆ ಸಾವಿರ ಅಡಿಗೆ ತುಸು ಕಡಿಮೆ. ಅಕ್ಕನ ಮಗ ಆಗಲೇ ಎಲ್ಲಿ ತೂಕ ಇಳಿಸಬಹುದು ಎಂದು ಜಗಳಕ್ಕೆ ಇಳಿದಿದ್ದ.

2025ರಿಂದ ಈ ಸ್ಪರ್ಧೆ ಟೆಕ್ಸಸ್‌ನ ಮಿಡ್‌ಲ್ಯಾಂಡ್ ಕಡೆಗೆ ಹೋಗಿದೆ. ಅಲ್ಲಿಯೂ ಬಿಸಿಲಿಗೆ ಬರವಿಲ್ಲ. ಹೋಗುವವರು ಅಗಲ ಅಂಚಿನ ಟೋಪಿ, ದುರ್ಬೀನು ಇಟ್ಟುಕೊಳ್ಳಿ. ನೀರು ಮಾತ್ರ ಬೇಕೆನ್ನಿಸಿದ್ದಕ್ಕಿಂತ ಎರಡು ಪಟ್ಟು.